ಹಳೆಯ ಮನೆ ಮೊದಲು ಒಣಗಲಿ

ನಿಮ್ಮ ಪತಿಯ ತಾತ ಕಟ್ಟಿಸಿದ, ಬಹುಕಾಲದಿಂದ ಬೀಗ ಬಿದ್ದಿರುವ ಕಲ್ಲಿನ ಮನೆಯನ್ನು ದುರಸ್ತಿ ಮಾಡಿಸಿ ಅಲ್ಲಿಯೇ ಕೊನೆಯವರೆಗೂ ನೆಲೆಸಬಹುದೇ, ಪರದೇಶಕ್ಕೆ ಈಗಷ್ಟೇ ಬಂದವರಿಗೆ ಅದು ಮಿತಿಮೀರಿದ ಸಾಹಸವಾದೀತೇ ಎಂದು ಕೇಳಿದ್ದೀರಿ. ಖಂಡಿತ ನೆಲೆಸಬಹುದು. ನಾನೂ ಹೊರನಾಡಿಗೆ ಬಂದು ಇಂಥದೇ ಮನೆಯನ್ನು ಉಳಿಸಿಕೊಂಡು ವಾಸವಾಗಿರುವವಳು. ಆದರೆ ಮೊದಲ ವರ್ಷ ಮನೆಯನ್ನು ಚೆಂದಗೊಳಿಸಲು ಹೋಗದೆ, ಅದನ್ನು ಒಣಗಿಸುವುದಕ್ಕೆ ಮಾತ್ರ ಹಣ ಹಾಕಿ.

ಶಿಥಿಲವಾದ ಮನೆಯ ಬಹುಪಾಲು ರೋಗಗಳಿಗೆ ನೀರೇ ಮೂಲ. ಮಾಡಿನಲ್ಲಿ ಸರಿದ ಹೆಂಚು, ಎಲೆ ಕಟ್ಟಿಕೊಂಡ ಮಳೆನೀರಿನ ದೋಣಿ, ಗೋಡೆಗೆ ಒತ್ತಿಕೊಂಡು ವರ್ಷವರ್ಷವೂ ಏರಿದ ಅಂಗಳದ ಮಣ್ಣು, ಇವನ್ನು ಮೊದಲು ಸರಿಪಡಿಸಬೇಕು. ಮರದ ತೇವಾಂಶ ಶೇಕಡಾ 20ನ್ನು ದಾಟಿ ಬಹುದಿನ ಹಾಗೆಯೇ ಉಳಿದರೆ ಅದನ್ನು ಕೊಳೆಸುವ ಶಿಲೀಂಧ್ರಕ್ಕೆ ಅನುಕೂಲವಾಗುತ್ತದೆ. ಆದ್ದರಿಂದ ತೊಲೆಯ ನಡುಭಾಗ ಗಟ್ಟಿಯಾಗಿದೆಯೆಂದು ನೆಮ್ಮದಿಪಡದೆ, ಗೋಡೆಯೊಳಗೆ ಕೂರುವ ಅದರ ತುದಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಮೊನೆ ಸಲೀಸಾಗಿ ಇಳಿದರೆ ಅಲ್ಲಿ ಮರ ಕುಂಬಾಗಿದೆ. ಹಾಗೆಂದು ಇಡೀ ತೊಲೆಯನ್ನು ಕಿತ್ತೆಸೆಯಬೇಕಿಲ್ಲ, ನುರಿತ ಬಡಗಿ ಕುಂಬಾದಷ್ಟನ್ನು ಕತ್ತರಿಸಿ ಹೊಸ ಮರ ಜೋಡಿಸಬಲ್ಲ. ಇಂಗ್ಲೆಂಡಿನ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ 1877ರಲ್ಲಿ ಲಂಡನ್ನಿನಲ್ಲಿ ಪುರಾತನ ಕಟ್ಟಡಗಳ ರಕ್ಷಣೆಗೆಂದು ಸಂಘ ಕಟ್ಟಿದಾಗ ಹೇಳಿದ್ದೂ ಇದನ್ನೇ: ನಿತ್ಯದ ಆರೈಕೆಯಿಂದ ಶಿಥಿಲತೆಯನ್ನು ತಡೆಯಬೇಕು.

ಗೋಡೆಯ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಗೆ ಸಿಮೆಂಟಿನ ಗಿಲಾವು ಮಾಡಲು ಬಿಡಬೇಡಿ. ಹಳೆಯ ಗೋಡೆ ಮಳೆಯ ತೇವವನ್ನು ಹೀರಿಕೊಂಡು, ಒಣಹವೆಯಲ್ಲಿ ಸುಣ್ಣದ ಮೂಲಕವೇ ಅದನ್ನು ಹೊರಬಿಡುತ್ತದೆ. ಸಿಮೆಂಟು ಆ ದಾರಿಯನ್ನು ಮುಚ್ಚುವುದರಿಂದ, ಕೂದಲೆಳೆಯ ಬಿರುಕುಗಳಲ್ಲಿ ಹೊಕ್ಕ ನೀರು ಒಳಗೇ ಉಳಿದು ಕೋಣೆಯ ಬಣ್ಣವನ್ನು ಉಬ್ಬಿಸುತ್ತದೆ, ಕೊರೆಯುವ ಚಳಿಯಲ್ಲಿ ಹೆಪ್ಪುಗಟ್ಟಿ ಕಲ್ಲಿನ ಮೈಯನ್ನು ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತದೆ. ಸುಣ್ಣವಾದರೋ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರುತ್ತ ನಿಧಾನವಾಗಿ ಗಟ್ಟಿಯಾಗುತ್ತದೆ, 5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಅದರ ಕೆಲಸ ಮಾಡಿಸಬಾರದು. ಬೇಗ ಮುಗಿಸುವ ಗುತ್ತಿಗೆದಾರರಿಗೆ ಈ ನಿಧಾನ ಹಿಡಿಸುವುದಿಲ್ಲ. ಹೊಸ ಭಾಷೆಯಲ್ಲಿ ಅವರೊಡನೆ ವಾದಕ್ಕಿಳಿಯುವುದು ನಿಮಗೆ ಕಷ್ಟ, ಹಾಗಾಗಿ ಯಾವ ಗಾರೆ ಬಳಸಬೇಕೆಂಬುದನ್ನು ಕರಾರುಪತ್ರದಲ್ಲಿಯೇ ಬರೆಸಿಕೊಳ್ಳಿ.

ಹಳೆಯ ಬಣ್ಣದಲ್ಲಿ ಸೀಸ, ಹಳೆಯ ಚಾವಣಿ ಶೀಟುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವುದುಂಟು. ಪರೀಕ್ಷೆ ಮಾಡಿಸದೆ ಯಾವುದನ್ನೂ ಉಜ್ಜಬೇಡಿ, ಒಡೆಯಬೇಡಿ. ಗೋಡೆಯ ಬಿರುಕುಗಳ ಎರಡು ಬದಿಗೂ ಗುರುತು ಹಾಕಿ ನಾಲ್ಕೂ ಋತುಗಳಲ್ಲಿ ಅಳೆಯಿರಿ, ಅಗಲವಾಗುತ್ತಿರುವ ಬಿರುಕಿಗೂ ಎಂದೋ ನಿಂತುಹೋದ ಬಿರುಕಿಗೂ ಚಿಕಿತ್ಸೆ ಬೇರೆ.

ಕೊನೆಯವರೆಗಿನ ಮನೆ ಎಂದಿದ್ದೀರಿ. ಹಾಗಿದ್ದರೆ ಮಲಗುವ ಕೋಣೆ, ಸ್ನಾನದ ಮನೆ ಎರಡಕ್ಕೂ ನೆಲಮಹಡಿಯಲ್ಲಿ ಈಗಲೇ ಜಾಗ ಗುರುತಿಸಿ, ಗಾಲಿಕುರ್ಚಿ ನುಗ್ಗುವಷ್ಟು ಅಗಲದ ಬಾಗಿಲು ಇಡಿಸಿ. ಮುಪ್ಪಿನಲ್ಲಿ ಕಲ್ಲಿನ ಗೋಡೆಯನ್ನು ಒಡೆಸುವುದು ಸುಲಭವಲ್ಲ.

ಇವೆಲ್ಲಕ್ಕೂ ಮೊದಲು ಮನೆ ಯಾರ ಹೆಸರಿನಲ್ಲಿದೆ ಎಂದು ನೋಡಿ. ತಾತನ ಆಸ್ತಿಯಲ್ಲಿ ನಿಮ್ಮ ಪತಿಯ ಒಡಹುಟ್ಟಿದವರಿಗೂ ದಾಯಾದಿಗಳಿಗೂ ಪಾಲಿರಬಹುದು. ನೀವು ಹೊಸ ಸೊಸೆ, ಅವರೆದುರು ಕಾಗದಪತ್ರ ಕೇಳಲು ಸಂಕೋಚವಾಗುವುದು ಸಹಜ. ಆದರೂ ನಿಮ್ಮ ಪತಿಯಿಂದಲೇ ಕೇಳಿಸಿ. ಪಾಲುದಾರರೆಲ್ಲರ ಲಿಖಿತ ಒಪ್ಪಿಗೆ ಕೈಸೇರುವವರೆಗೆ, ಮಾಡಿನ ಮೇಲೆ ಗಟ್ಟಿಯಾದ ಟಾರ್ಪಾಲು ಹೊದಿಸಿ, ದೋಣಿ ಶುಚಿಗೊಳಿಸಿ, ಗಾಳಿಯಾಡುವಂತೆ ಕಿಟಕಿಗಳನ್ನು ತೆರೆದಿಟ್ಟರೆ ಸಾಕು.