ಬಂಡೆಗೂ ಅಂಕ ಕೊಡುತ್ತಾರೆಯೇ?

ಪ್ರಶ್ನೆ: ನನ್ನ ಮಗ ಉತ್ತರಾಖಂಡದ ಸುರಂಗವೊಂದರಲ್ಲಿ ಭೂವಿಜ್ಞಾನಿ. ಪ್ರತಿ ಸ್ಫೋಟದ ನಂತರ ಒಳಗೆ ಹೋಗಿ ಬಂಡೆಗೆ ಅಂಕ ಹಾಕಿ ಬರುತ್ತಾನಂತೆ. 2023ರಲ್ಲಿ ಸಿಲ್ಕ್ಯಾರಾ ಸುರಂಗದಲ್ಲಿ 41 ಮಂದಿ ಸಿಕ್ಕಿಕೊಂಡ ಮೇಲೆ ನನಗೆ ಸರಿಯಾಗಿ ನಿದ್ದೆ ಬರುತ್ತಿಲ್ಲ. ಕಲ್ಲು ಗಟ್ಟಿ ಇದೆಯೇ ಎಂದು ನೋಡಿದರೆ ಸಾಲದೇ? ಈ ಅಂಕ ಯಾಕೆ?
– ಒಬ್ಬ ತಾಯಿ, ಶಿರಸಿ

ಉತ್ತರ: ಸಾಲದು, ತಾಯಿ. ಗಟ್ಟಿ ಬಂಡೆಯಲ್ಲೂ ಚಾವಣಿಯಿಂದ ಕಲ್ಲು ಬೀಳುತ್ತದೆ, ಮೊದಲೇ ಇದ್ದ ಸೀಳುಗಳ ಗುಂಟ ಕಳಚಿಕೊಂಡು. ಸುರಂಗಗಳಲ್ಲೇ ದುಡಿದು ನಿವೃತ್ತನಾದ ನಾನು ಕಲ್ಲಿಗಿಂತ ಸೀಳುಗಳನ್ನೇ ಹೆಚ್ಚು ನೋಡಿದ್ದೇನೆ.

ನಿಮ್ಮ ಮಗ ಬಳಸುವುದು ಬಹುಶಃ 1973ರಲ್ಲಿ ಬೀನಿಯಾವ್ಸ್ಕಿ ಎಂಬ ಎಂಜಿನಿಯರ್ ರೂಪಿಸಿದ ಆರ್‌ಎಂಆರ್ (ರಾಕ್ ಮಾಸ್ ರೇಟಿಂಗ್, ಅಂದರೆ ಬಂಡೆಯ ಗುಣಾಂಕ) ಪದ್ಧತಿ. ನೂರಕ್ಕೆ ಅಂಕ. ಒಂದು ಲೆಕ್ಕ ನೋಡಿ. ಕಲ್ಲಿನ ಬಲಕ್ಕೆ 7, ಕೊರೆದು ತೆಗೆದ ಕಲ್ಲಿನ ತುಂಡುಗಳ ಗುಣಮಟ್ಟಕ್ಕೆ 13, ಸೀಳುಗಳ ನಡುವಿನ ಅಂತರಕ್ಕೆ 10, ಸೀಳಿನ ಮೈ ತುಸು ಒರಟಾಗಿದ್ದರೂ ಶಿಥಿಲವಾಗಿದ್ದರೆ 20, ಬಂಡೆ ಒದ್ದೆಯಾಗಿದ್ದರೆ 7. ಒಟ್ಟು 57. ಸೀಳುಗಳ ದಿಕ್ಕು ಅಷ್ಟೇನೂ ಅನುಕೂಲವಲ್ಲದಿದ್ದರೆ 5 ಕಳೆದು 52, ಅಂದರೆ ಮೂರನೇ ದರ್ಜೆ (ಒಂದನೆಯದು ಅತ್ಯುತ್ತಮ, ಐದನೆಯದು ತೀರಾ ದುರ್ಬಲ). ಮುಂದಿನ ಸ್ಫೋಟದ ನಂತರ ಅದೇ ಕಲ್ಲಿನ ಸೀಳಿಗೆ ಚಾಕುವಿನ ತುದಿ ಹಾಕಿ ಕೆರೆದಾಗ ಮೆತ್ತನೆಯ ಜೇಡಿ ಬಂತು, ಮೇಲಿಂದ ನೀರು ತೊಟ್ಟಿಕ್ಕುತ್ತಿದೆ ಎನ್ನಿ. 20 ಇದ್ದದ್ದು 10 ಆಯಿತು, 7 ಇದ್ದದ್ದು 4. ಮೊತ್ತ 39ಕ್ಕೆ ಇಳಿದು ನಾಲ್ಕನೇ ದರ್ಜೆಯಾಯಿತು. ಕಲ್ಲಿನ ಬಲ ಮಾತ್ರ ಕಿಂಚಿತ್ತೂ ಕಡಿಮೆಯಾಗಿಲ್ಲ!

ಇದರಿಂದ ಕೆಲಸವೇ ಬದಲಾಗುತ್ತದೆ. ಆಧಾರವಿಲ್ಲದೆ ಬಂಡೆ ಎಷ್ಟು ಹೊತ್ತು ನಿಲ್ಲಬಹುದೆಂಬ ಅಂದಾಜು ಮೂರನೇ ದರ್ಜೆಯಲ್ಲಿ 5 ಮೀಟರ್ ಅಗಲಕ್ಕೆ ಒಂದು ವಾರ, ನಾಲ್ಕರಲ್ಲಿ 2.5 ಮೀಟರಿಗೆ ಹತ್ತೇ ಗಂಟೆ. ಹತ್ತು ಮೀಟರ್ ಅಗಲದ ಸುರಂಗದ ಮೇಲ್ಭಾಗವನ್ನು ಮೂರನೇ ದರ್ಜೆಯಲ್ಲಿ ಒಂದು ಸಲಕ್ಕೆ ಒಂದೂವರೆಯಿಂದ ಮೂರು ಮೀಟರ್ ಸಿಡಿಸಬಹುದು; ನಾಲ್ಕರಲ್ಲಿ ಒಂದರಿಂದ ಒಂದೂವರೆ ಮೀಟರಿಗೆ ನಿಲ್ಲಿಸಬೇಕು. ರಾಕ್ ಬೋಲ್ಟ್‌ಗಳು (ಬಂಡೆಯೊಳಗೆ ಕೊರೆದು ಕೂರಿಸುವ ಉಕ್ಕಿನ ಸರಳುಗಳು) ಒತ್ತೊತ್ತಾಗಿ ಬೇಕು, ಚಾವಣಿಗೆ 100ರಿಂದ 150 ಮಿಲಿಮೀಟರ್ ದಪ್ಪದ ಶಾಟ್‌ಕ್ರೀಟ್ (ಸಿಂಪಡಿಸಿ ಹಚ್ಚುವ ಕಾಂಕ್ರೀಟ್) ಬೇಕು, ಅಗತ್ಯವಿದ್ದಲ್ಲಿ ಉಕ್ಕಿನ ಕಮಾನುಗಳೂ ಬೇಕು. ಖರ್ಚು ಏರುತ್ತದೆ, ವೇಗ ಇಳಿಯುತ್ತದೆ. ಹಾಗಾಗಿ ನಿನ್ನೆಯ ಅಂಕವನ್ನೇ ಇಂದಿಗೂ ಬರೆಯುವಂತೆ ಒತ್ತಡ ಬರುವುದುಂಟು. ಅದಕ್ಕೆ ಮಣಿಯುವುದು ದೊಡ್ಡ ತಪ್ಪು.

ಆದರೆ ಆರ್‌ಎಂಆರ್ ನೆಲದೊಳಗಿನ ಒತ್ತಡವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಮಾಲಯದಲ್ಲಿ ದುರ್ಬಲ ಬಂಡೆ ಆಳದ ಭಾರಕ್ಕೆ ಹಿಂಡಿಕೊಂಡು ಸುರಂಗದೊಳಕ್ಕೆ ಸರಿಯುತ್ತದೆ. ಒತ್ತಡಕ್ಕೂ ಜಾಗವಿರುವ, 1974ರಲ್ಲಿ ನಾರ್ವೆಯಲ್ಲಿ ಬಂದ ಕ್ಯೂ ಪದ್ಧತಿಯಲ್ಲಿಯೂ ಲೆಕ್ಕ ಹಾಕಿ ಎರಡನ್ನೂ ಹೋಲಿಸುವುದು ಒಳ್ಳೆಯದು. ಆಧಾರ ಕೊಟ್ಟ ಮೇಲೂ ಗೋಡೆ ಎಷ್ಟು ಸರಿದಿದೆಯೆಂದು ಅಳೆಯುತ್ತಲೇ ಇರಬೇಕು.

ನಿಮ್ಮ ಮಗನನ್ನು ಒಂದೇ ಮಾತು ಕೇಳಿ: ಸ್ಫೋಟದ ಹೊಗೆ ಹೋಗಿ, ಸಡಿಲ ಕಲ್ಲುಗಳನ್ನೆಲ್ಲ ಕೆಡವುವವರೆಗೆ ಬಂಡೆಯ ಹತ್ತಿರ ಹೋಗದೆ ಕಾಯುತ್ತಾನೆಯೇ? ಅಂಕ ಹಾಕಲು ಅವಸರವಿಲ್ಲ. ಅಷ್ಟು ಹೊತ್ತು ಕಾಯುವ ಹಕ್ಕು ಅವನಿಗಿದೆ.