ಆಡಿಟ್ ದಿನ ಏನು ಹೇಳಿಸಲಿ?

ಪ್ರಶ್ನೆ: ನಾನು ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್. ಮುಂದಿನ ವಾರ ಬಯರ್ (ನಮ್ಮ ಬಟ್ಟೆ ಕೊಳ್ಳುವ ಕಂಪನಿ) ಕಡೆಯವರು ಆಡಿಟ್‌ಗೆ, ಅಂದರೆ ಫ್ಯಾಕ್ಟರಿ ತಪಾಸಣೆಗೆ, ಬರುತ್ತಾರೆ. ‘ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ಇಲ್ಲ, ಆರಕ್ಕೆ ಮನೆಗೆ ಹೋಗ್ತೀವಿ, ಯಾರೂ ಬೈಯಲ್ಲ’ ಅಂತ ನನ್ನ ಲೈನಿನವರಿಗೆ ಹೇಳಿಕೊಡಬೇಕಂತೆ. ಎಚ್‌ಆರ್ ಒಂದು ಹಾಳೆಯನ್ನೇ ಕೊಟ್ಟಿದ್ದಾರೆ. ನಿಜ ಹೇಳಿದರೆ ಆರ್ಡರ್ ಹೋಗಿ ಎಲ್ಲರ ಕೆಲಸಕ್ಕೂ ಕುತ್ತು ಅನ್ನುತ್ತಾರೆ. ಏನು ಮಾಡಲಿ ಅಕ್ಕಾ?
– ಹೆಸರು ಬೇಡ, ಮದ್ದೂರು

ಉತ್ತರ: ಹೇಳಿಕೊಡಬೇಡ ತಂಗಿ.

ಪೀಣ್ಯದಲ್ಲಿ ಹದಿನಾಲ್ಕು ವರ್ಷ ಕಾಲರ್ ಹೊಲಿದವಳು ನಾನು. ಇಂಥದ್ದೇ ಒಂದು ದಿನ ನಾನೂ ಸುಳ್ಳು ಹೇಳಿದ್ದೇನೆ. ಅವತ್ತು ಕ್ರೆಶ್‌ನಲ್ಲಿ (ಕೆಲಸದವರ ಮಕ್ಕಳನ್ನು ನೋಡಿಕೊಳ್ಳುವ ಕೋಣೆ) ಹೊಸ ಆಟಿಕೆ ಇಟ್ಟಿದ್ದರು, ಬೆಲೆಯ ಚೀಟಿಯನ್ನೂ ಕಿತ್ತಿರಲಿಲ್ಲ. ಆಡಿಟ್‌ನವರು ಕೇಳಿದಾಗ ಗಾಜಿನ ಬಾಗಿಲ ಹೊರಗೆ ಮ್ಯಾನೇಜರ್ ನಿಂತಿದ್ದರು. ‘ಆರಕ್ಕೆ ಹೋಗ್ತೀವಿ ಸಾರ್’ ಅಂದೆ. ಅದೇ ಸಂಜೆ ಎಂಟೂವರೆಗೆ ಮೆಷಿನ್ ಬಿಟ್ಟೆ. ಮರುದಿನ ಕ್ರೆಶ್‌ಗೆ ಬೀಗ. ನನ್ನ ಪಕ್ಕದ ಮೆಷಿನ್‌ನವಳ ಮಗು ಮನೆಯಲ್ಲಿ ಒಂದೇ ಇತ್ತು. ಇವತ್ತಿಗೂ ಅವಳ ಮುಖ ನೆನಪಾಗುತ್ತದೆ.

ಸುಮ್ನೆ ಕಾಗದದ ಸುಳ್ಳು ತಾನೇ ಅನಿಸಬಹುದು. ಕರಾಚಿಯ ಅಲಿ ಎಂಟರ್‌ಪ್ರೈಸಸ್ ಅನ್ನುವ ಗಾರ್ಮೆಂಟ್ಸ್‌ಗೆ ಎಲ್ಲ ಸರಿಯಿದೆ ಅಂತ ಅಂತರರಾಷ್ಟ್ರೀಯ ಸರ್ಟಿಫಿಕೇಟ್ ಸಿಕ್ಕಿತ್ತು. ಕೆಲವೇ ವಾರಗಳಲ್ಲಿ, 2012ರ ಸೆಪ್ಟೆಂಬರ್ 11ರಂದು, ಅಲ್ಲಿ ಬೆಂಕಿ ಬಿತ್ತು. ಬಾಗಿಲುಗಳಿಗೆ ಬೀಗ, ಕಿಟಕಿಗಳಿಗೆ ಕಬ್ಬಿಣದ ಸರಳು. 250ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿಂದ ಬಟ್ಟೆ ಕೊಳ್ಳುತ್ತಿದ್ದ ಜರ್ಮನಿಯ ಕಿಕ್ ಕಂಪನಿ, ಸತ್ತವರ ಮನೆಯವರಿಗೆ ದೀರ್ಘಾವಧಿಯ ಪರಿಹಾರ ಕೊಡಲು ಒಪ್ಪಿದ್ದು 2016ರಲ್ಲಿ.

ಇನ್ನು ಆರ್ಡರ್ ಮಾತು. ಪೀಸಿಗೆ ಕಮ್ಮಿ ರೇಟು ಕೊಟ್ಟು, ಡೇಟು ಮಾತ್ರ ಹತ್ತಿರ ಇಡುವವರು ಬಯರ್‌ಗಳೇ ಅಲ್ವಾ? ಓಟಿ ಹುಟ್ಟುವುದೇ ಅಲ್ಲಿ. 2011ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಾರ್ಗಸೂಚಿಯ ಪ್ರಕಾರ, ತಮಗೆ ಮಾಲು ಮಾಡಿಕೊಡುವ ಕಡೆ ಕೆಲಸದವರಿಗೆ ತೊಂದರೆಯಿದ್ದರೆ ಕಂಪನಿಗಳು ತಮ್ಮ ಪ್ರಭಾವ ಬಳಸಿ ಅದನ್ನು ಸರಿ ಮಾಡಿಸಬೇಕು. ತಪ್ಪು ಕಂಡ ಕೂಡಲೇ ಆರ್ಡರ್ ಕಿತ್ತುಕೊಂಡು ಹೋಗುವುದಲ್ಲ. ಹಾಗೆ ಹೋಗುವವರೂ ಇದ್ದಾರೆ, ನಿನ್ನ ಭಯ ಸುಳ್ಳಲ್ಲ.

ಅದಕ್ಕೇ ಒಬ್ಬಳೇ ಮುಂದೆ ನಿಲ್ಲಬೇಡ. ಆಡಿಟ್‌ಗೆ ಮೊದಲೇ ಯೂನಿಯನ್‌ನವರನ್ನು ಕಾಣು. ಮೂರ್ನಾಲ್ಕು ಸೂಪರ್‌ವೈಸರ್‌ಗಳು ಸೇರಿ ‘ನಾವು ಹೇಳಿಕೊಡುವುದಿಲ್ಲ’ ಅಂದರೆ ಅದರ ತೂಕವೇ ಬೇರೆ. ಲೈನಿನವರಿಗೆ ‘ನಿಮಗೆ ತೋಚಿದ್ದು ಹೇಳಿ, ಏನು ಹೇಳಿದಿರಿ ಅಂತ ನಾನು ಕೇಳುವುದಿಲ್ಲ’ ಅಂದರೆ ಸಾಕು. ಓಟಿ ಮಾಡಿದ ದಿನ, ಗಂಟೆ ಎಲ್ಲವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತಾ ಹೋಗು. ಓಟಿಗೆ ಕಾನೂನಿನಲ್ಲಿ ಎರಡು ಪಟ್ಟು ಕೂಲಿಯಿದೆ, ಕಾಂಪ್ ಆಫ್ (ಬದಲಿ ರಜೆ) ಕೊಟ್ಟು ಕೈ ತೊಳೆದುಕೊಳ್ಳುವಂತಿಲ್ಲ.

ಎಚ್‌ಆರ್ ಕೊಟ್ಟ ಆ ಹಾಳೆಯನ್ನು ಹರಿಯಬೇಡ. ಮನೆಯಲ್ಲಿ ಜೋಪಾನವಾಗಿ ಎತ್ತಿಡು.