ಕೋಳಿಬುಟ್ಟಿಯಲ್ಲಿ ಬೂಬಿ, ಕೈ ತುಂಬ ಹೇನು

ಪ್ರಶ್ನೆ: ಮಳೆಗಾಲದ ಗಾಳಿ ಜೋರಾಗಿದ್ದಾಗ ನಮ್ಮೂರ ಕಡಲತೀರದಲ್ಲಿ ಒಂದು ದೊಡ್ಡ ಬಿಳಿ ಹಕ್ಕಿ ಹಾರಲಾಗದೆ ಕೂತಿತ್ತು. ರೆಕ್ಕೆಯ ಹಿಂದಂಚು, ಬಾಲ ಕಪ್ಪು. ಮುಖಕ್ಕೆ ಮಸಿ ಬಳಿದ ಹಾಗಿತ್ತು. ಮನೆಗೆ ತಂದು ಕೋಳಿ ಮುಚ್ಚುವ ಬುಟ್ಟಿಯಡಿ ಇಟ್ಟು ಅರಣ್ಯ ಇಲಾಖೆಗೆ ಫೋನ್ ಮಾಡಿದೆವು. ಅವರು ಬರುವಷ್ಟರಲ್ಲಿ ನನ್ನ ಮೊಣಕೈವರೆಗೂ ಹೇನು ಹರಿದಾಡಿತ್ತು! ಇದು ನಮ್ಮ ತಲೆಗೆ, ಕೋಳಿಗಳಿಗೆ ಹತ್ತುತ್ತಾ? ಹಕ್ಕಿ ಸೋತು ಬಿದ್ದಿದ್ದು ಹೇನಿನಿಂದಲೇ ಇರಬಹುದಾ? ಮೂರು ಫೋಟೊ ಕಳಿಸಿದ್ದೇನೆ.
– ಒಬ್ಬ ಓದುಗರು, ಕುಂದಾಪುರ

ಉತ್ತರ: ಹೆದರಬೇಡಿ ಮಾರಾಯ್ರೇ, ತಲೆಗೆ ಹತ್ತಲ್ಲ. ಮೊದಲ ಫೋಟೊದಲ್ಲಿರುವುದು ಮಾಸ್ಕ್ಡ್ ಬೂಬಿ. ಹಿಂದೂ ಮಹಾಸಾಗರದ ದ್ವೀಪಗಳಲ್ಲಿ ಮರಿ ಮಾಡುವ ಹಕ್ಕಿ, ಮುಂಗಾರಿನ ಗಾಳಿಗೆ ಸಿಕ್ಕಿ ಒಮ್ಮೊಮ್ಮೆ ನಮ್ಮ ಕರಾವಳಿಗೆ ಬಂದು ಬೀಳುತ್ತದೆ.

ನಮ್ಮ ತಲೆಯ ಹೇನಿನ ಬಾಯಿ ರಕ್ತ ಹೀರುವ ಸೂಜಿ. ಹಕ್ಕಿ ಹೇನಿಗೆ ಇರುವುದು ಕಡಿಯುವ ದವಡೆ. ಗರಿಯ ಎಳೆ, ಚರ್ಮದ ಹೊಟ್ಟು ತಿಂದು ಬದುಕುತ್ತದೆ. ಮೊಟ್ಟೆಯಿಂದ ಸಾಯುವ ತನಕ ಹಕ್ಕಿಯ ಮೈಮೇಲೇ ಅದರ ಸಂಸಾರ. ಸೀರನ್ನು ಗರಿಗೇ ಅಂಟಿಸುತ್ತದೆ, ನಾವು ಕೂದಲಲ್ಲಿ ನೋಡ್ತೀವಲ್ಲ, ಹಾಗೇ. ಹಕ್ಕಿ ಬಿಟ್ಟು ಇಳಿದರೆ ಕೆಲವೇ ದಿನಗಳ ಆಯಸ್ಸು. ಕೈ ಸೋಪಿನಲ್ಲಿ ತೊಳೆದರೆ ಸಾಕು. ಕೋಳಿಗಳ ಹೇನು ಬೇರೆ ಜಾತಿಯವು, ಬೂಬಿಯ ಹೇನು ಕೋಳಿಯಲ್ಲಿ ಬೇರೂರಿ ಸಂಸಾರ ಹೂಡುವುದಿಲ್ಲ.

ನಿಮ್ಮ ಎರಡನೇ ಫೋಟೊ ನನಗೆ ತುಂಬಾ ಇಷ್ಟ ಆಯಿತು. ರೆಕ್ಕೆಯ ದೊಡ್ಡ ಗರಿಯ ಎಳೆಗಳ ಸಾಲಿನಲ್ಲಿ ಜೀರಿಗೆಯ ಅರ್ಧದಷ್ಟು ಉದ್ದದ, ಸಪೂರ ಹುಳ ಅಲುಗಾಡದೆ ಮಲಗಿದೆ. ಅದು ಪೆಕ್ಟಿನೊಪೈಗಸ್ ಎಂಬ ಕುಲದ್ದು. ತಲೆಯ ಕೆಳಗೆ ಒಂದು ಗಾಡಿ ಇರುತ್ತದೆ (ಗಾಡಿ ಅಂದ್ರೆ ತೋಡು, ಎತ್ತಿನ ಗಾಡಿ ಅಲ್ಲ). ಗರಿಯ ಎಳೆಯನ್ನು ಅದರೊಳಗೆ ಕೂರಿಸಿಕೊಂಡು ದವಡೆಯಿಂದ ಕಚ್ಚಿ ಹಿಡಿದರೆ ಮುಗೀತು, ಹಕ್ಕಿ ಕೊಕ್ಕಿನಿಂದ ಬಾಚಿದರೂ ಕೀಳುವುದು ಕಷ್ಟ. ಈ ಪೈಕಿಯವಕ್ಕೆ ಇಸ್ಕ್ನೊಸೆರಾ ಅಂತ ಹೆಸರು, ಹಕ್ಕಿ ಸತ್ತರೂ ಬೇಗ ಬಿಟ್ಟು ಹೋಗುವುದಿಲ್ಲ. ಇನ್ನೊಂದು ಪೈಕಿ ಆಂಬ್ಲಿಸೆರಾ. ಇವು ಓಡುವ ಜನ. ಹಕ್ಕಿಯ ಮೈ ಸೋತದ್ದು ಗೊತ್ತಾದರೆ ಗಂಟುಮೂಟೆ ಕಟ್ಟುತ್ತವೆ, ಕೆಲವು ರಕ್ತವನ್ನೂ ಕುಡಿಯುತ್ತವೆ. ನಿಮ್ಮ ಮೊಣಕೈಗೆ ಹತ್ತಿದ್ದು ಬಹುಶಃ ಇವೇ. ಬೂಬಿಗಳ ಮೇಲೆ ಐಡ್‌ಮನ್ನಿಯೆಲ್ಲಾ ಎಂಬ ಕುಲದ ಆಂಬ್ಲಿಸೆರಾ ಸಿಗುತ್ತವೆ.

ಹೇನಿನಿಂದ ಬಿದ್ದಿತಾ ಅಂದ್ರೆ, ಅದು ತಿರುಗಾಮುರುಗಾ. ಗಾಳಿಗೆ ಸಿಕ್ಕಿ, ಹಸಿದು ಸುಸ್ತಾದ ಹಕ್ಕಿ ಗರಿ ಬಾಚಿಕೊಳ್ಳುವುದನ್ನು ಬಿಡುತ್ತದೆ, ಆಗ ಹೇನು ಜಾಸ್ತಿಯಾಗುತ್ತದೆ. ಕೊಕ್ಕು ಮುರಿದ ಹಕ್ಕಿಯಲ್ಲೂ ಇದೇ ಕಥೆ.

ಮೂರನೇ ಫೋಟೊದ ವಿಷಯ ಕೊನೆಗೆ ಹೇಳ್ತೀನಿ.

ಪ್ರಶ್ನೆ: ಒಂದೊಂದು ಕಡಲ ಹಕ್ಕಿಗೂ ಬೇರೆ ಬೇರೆ ಹೇನು ಅಂತ ಓದಿದೆ. ಅಷ್ಟು ಚಿಕ್ಕ ಹುಳಕ್ಕೆ ಹೆಸರಿಡುವುದು ಹೇಗೆ? ಹೇನು ನೋಡಿ ಹಕ್ಕಿಯ ವಂಶ ಹೇಳಬಹುದಂತೆ, ನಿಜವಾ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅರ್ಧ ನಿಜ. ಆ ಅರ್ಧವೇ ಸ್ವಾರಸ್ಯ.

ಗಲ್ ಹಕ್ಕಿಯನ್ನೇ ತಗೊಳ್ಳಿ. ಅದರ ತಲೆ, ಕುತ್ತಿಗೆಗೆ ಅದರ ಕೊಕ್ಕು ತಲುಪದು. ಅಲ್ಲಿ ಸೇಮುಂಡ್ಸೋನಿಯಾ ಎಂಬ ಹೇನು ಇರುತ್ತದೆ. ದುಂಡು ಹೊಟ್ಟೆ, ಅಗಲ ತಲೆ, ನಿಧಾನದ ನಡಿಗೆ, ಓಡಬೇಕಾದ ದರ್ದೇ ಅದಕ್ಕಿಲ್ಲ. ರೆಕ್ಕೆಯಲ್ಲಿರುವ ಕ್ವಾಡ್ರಾಸೆಪ್ಸ್ ಸಪೂರ, ಗರಿಯ ಎಳೆಗಳ ನಡುವೆ ತೂರಿಕೊಳ್ಳಲು ಲಾಯಕ್ಕು. ಒಂದೇ ಹಕ್ಕಿ, ಎರಡು ಕೇರಿ. ಮೈಕಟ್ಟು ನೋಡಿಯೇ ಯಾವ ಕೇರಿಯದ್ದು ಅಂತ ಹೇಳಬಹುದು.

ಹೆಸರಿನ ಕಥೆ ಕೇಳಿ. ಗ್ರೀನ್‌ಲ್ಯಾಂಡಿನಲ್ಲಿ ಪಾದ್ರಿಯಾಗಿದ್ದ ಡೆನ್ಮಾರ್ಕಿನ ಆಟೊ ಫ್ಯಾಬ್ರಿಸಿಯಸ್ 1780ರಲ್ಲಿ ಗಲ್ ಹಕ್ಕಿಯ ಹೇನನ್ನು ವರ್ಣಿಸಿ ಪೆಡಿಕ್ಯುಲಸ್ ಲಾರಿ ಅಂದರು. ಪೆಡಿಕ್ಯುಲಸ್ ಅಂದ್ರೆ ನಮ್ಮ ತಲೆಹೇನಿನ ಕುಲ! ಆಗ ಹೇನು ಅಂದ್ರೆ ಎಲ್ಲ ಒಂದೇ. 1936ರಲ್ಲಿ ಟಿಮ್ಮರ್‌ಮನ್ ಸೇಮುಂಡ್ಸೋನಿಯಾ ಕುಲ ಕಟ್ಟಿದರು, ಐಸ್‌ಲ್ಯಾಂಡಿನ ಪ್ರಾಣಿಶಾಸ್ತ್ರಜ್ಞ ಸೇಮುಂಡ್ಸನ್ ಹೆಸರಿನಲ್ಲಿ. ಈಗ ಅದು ಸೇಮುಂಡ್ಸೋನಿಯಾ ಲಾರಿ. ಪಕ್ಕದಲ್ಲಿ ಫ್ಯಾಬ್ರಿಸಿಯಸ್ ಹೆಸರನ್ನು ಕಂಸದಲ್ಲಿ ಬರೆಯುತ್ತಾರೆ. ಹೆಸರಿಟ್ಟವರು ಇವರೇ, ಆದ್ರೆ ಆಮೇಲೆ ಮನೆ ಬದಲಾಗಿದೆ ಅಂತ ಆ ಕಂಸದ ಅರ್ಥ. ಹೇನುಗಳ ಇಡೀ ಬಳಗಕ್ಕೂ ಈಚೆಗೆ ಮನೆ ಬದಲಾಗಿದೆ. ಹಳೇ ಪುಸ್ತಕ ತೆರೆದರೆ ಪುಟದ ಮೇಲೆ ಒಂದು ಬಿಳಚು ಹುಳ ಸರಸರ ಓಡುತ್ತಲ್ಲ, ಅದರ ಜೊತೆಗೇ ಒಂದೇ ಗಣದಲ್ಲಿ ಸೇರಿಸಿದ್ದಾರೆ.

ಜಾತಿ ಗುರುತಿಸುವುದು ಕಣ್ಣಳತೆಯ ಕೆಲಸ ಅಲ್ಲ. ಹುಳವನ್ನು ಕ್ಷಾರದಲ್ಲಿ ನೆನೆಹಾಕಿ, ಒಳಗಿನ ಮಾಂಸ ಕರಗಿಸಿ, ಗಾಜಿನ ಮೇಲೆ ಕೂರಿಸಿ, ಹೊಟ್ಟೆಯ ರೋಮ ಒಂದೊಂದೇ ಎಣಿಸಬೇಕು, ಗಂಡಿನ ಜನನಾಂಗದ ಆಕಾರ ನೋಡಬೇಕು. ಹೀಗೆ ಎಣಿಸಿ ಎಣಿಸಿಯೇ ಜಗತ್ತಿನಲ್ಲಿ ಸುಮಾರು 5,000 ಜಾತಿಯ ಹೇನು ದಾಖಲಾಗಿವೆ.

ಇನ್ನು ವಂಶದ ಮಾತು. ಅಮೆರಿಕದ ವರ್ನನ್ ಕೆಲ್ಲಾಗ್ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ಕಡಲ ಹಕ್ಕಿಗಳ ಹೇನು ಹೆಕ್ಕಿ 1896ರಲ್ಲಿ ಬರೆದರು. ದೂರದೂರ ಇರುವ ನೆಂಟ ಹಕ್ಕಿಗಳಲ್ಲಿ ಒಂದೇ ತರಹದ ಹೇನು ಇರುವುದು ಮುತ್ತಜ್ಜನ ಕಾಲದಿಂದ ಬಂದ ಆಸ್ತಿ ಅನ್ನುವುದು ಅವರ ವಾದ. ತಾಯಿಯಿಂದ ಮರಿಗೆ ಗೂಡಿನಲ್ಲೇ ದಾಟುವ ಹುಳ ಅಲ್ವಾ, ಹಕ್ಕಿಯ ವಂಶ ಒಡೆದಾಗ ಹೇನಿನ ವಂಶವೂ ಒಡೆಯಬೇಕು. ಪೆಕ್ಟಿನೊಪೈಗಸ್ ಮಟ್ಟಿಗೆ ಇದು ಚೆನ್ನಾಗಿ ಹೊಂದುತ್ತದೆ. 2007ರ ಡಿಎನ್‌ಎ ಅಧ್ಯಯನವೊಂದರಲ್ಲಿ ಬೂಬಿ, ನೀರುಕಾಗೆ, ಫ್ರಿಗೇಟ್ ಹಕ್ಕಿಗಳ ಬಳಗ ಮತ್ತು ಅವುಗಳ ಹೇನು ಜೊತೆಜೊತೆಗೆ ಕವಲೊಡೆದ ಗುರುತು ಸಾಕಷ್ಟು ಸಿಕ್ಕಿತು. ಟ್ರಾಪಿಕ್ ಹಕ್ಕಿಯನ್ನು ಹಿಂದೆ ಇದೇ ಬಳಗಕ್ಕೆ ಸೇರಿಸಿದ್ದರು, ಅದರ ಮೇಲೆ ಪೆಕ್ಟಿನೊಪೈಗಸ್ ಇಲ್ಲ. ಆಮೇಲೆ ಡಿಎನ್‌ಎ ಕೂಡ ಅದನ್ನು ಹೊರಗೆ ಹಾಕಿತು. ಶಹಬ್ಬಾಸ್ ಹೇನೇ ಅಂತೀರಾ? ತಾಳಿ, ಹೆಜ್ಜಾರ್ಲೆಯನ್ನೂ ಡಿಎನ್‌ಎ ಹೊರಗೆ ಹಾಕಿದೆ, ಆದ್ರೆ ಅದರ ಮೇಲೆ ಪೆಕ್ಟಿನೊಪೈಗಸ್ ಇದೆ!

ಹೇನು ಮನೆ ಹಾರುವುದೂ ಉಂಟು. ಸ್ಕುವಾ ಎಂಬ ಕಡಲ ಹಕ್ಕಿ ಗಲ್ ಹಕ್ಕಿಯ ನೆಂಟ, ಆದ್ರೆ ಅದರ ಮೈಮೇಲಿನ ಹಾಫ್ನೇರಿಯಾ ಎಂಬ ಹೇನು ಪೆಟ್ರೆಲ್ ಎಂಬ ಬೇರೆ ಕಡಲ ಹಕ್ಕಿಗಳ ಹೇನಿನ ಗುಂಪಿನದು. ಸ್ಕುವಾ ಪೆಟ್ರೆಲ್‌ಗಳನ್ನು ಹಿಡಿದು ತಿನ್ನುತ್ತದೆ, ಊಟದ ಜೊತೆ ಹೇನೂ ಬಂದಿರಬೇಕು ಅನ್ನುವುದು ನನ್ನ ಲೆಕ್ಕ. ಇನ್ನು ಕೆಲವು ಕಡೆ ಇರಬೇಕಾದ ಹೇನೇ ಇರುವುದಿಲ್ಲ. ಹೊಸ ದ್ವೀಪಕ್ಕೆ ಹೋಗಿ ನೆಲೆಸಿದ ನಾಲ್ಕಾರು ಹಕ್ಕಿಗಳ ಮೇಲೆ ಅದು ಇರಲೇ ಇಲ್ಲ ಅಂದ್ರೆ ಮುಂದಿನ ಪೀಳಿಗೆಗೆ ಎಲ್ಲಿಂದ ಬರಬೇಕು? ಇದಕ್ಕೆ ನ್ಯೂಜಿಲೆಂಡಿನ ಪ್ಯಾಟರ್ಸನ್, ಪಾಲ್ಮಾ, ಗ್ರೇ 1999ರ ಬರಹದಲ್ಲಿ ಹೇನು ದೋಣಿ ತಪ್ಪಿಸಿಕೊಂಡಿತು ಅನ್ನುವ ಮಾತು ಬಳಸಿದ್ದಾರೆ. ಸಂಶೋಧಕರ ಬಾಯಲ್ಲಿ ಇಂಥ ಮಾತು ಬಂದರೆ ನನಗೆ ಖುಷಿ.

ಪ್ರಶ್ನೆ: ಬೂಬಿ, ನೀರುಕಾಗೆ ನೀರಿಗೆ ಧುಮುಕಿದರೆ ಹೇನು ಸಾಯಲ್ವಾ?
– ಓದುಗರು, ಬೆಂಗಳೂರು

ಉತ್ತರ: ಇಲ್ಲ. ಗರಿಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ, ಮುಳುಗುವುದು ಹೆಚ್ಚು ಹೊತ್ತೂ ಇಲ್ಲ. ಹೇನಿಗೆ ನೀರಿಗಿಂತ ಒಣಹವೆಯೇ ದೊಡ್ಡ ಶತ್ರು. ಅದು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಬಾಯಿಯಿಂದ ಎಳೆದುಕೊಳ್ಳುತ್ತದೆ.

ಈಗ ಕುಂದಾಪುರದವರ ಮೂರನೇ ಫೋಟೊ. ಕೈ ಮೇಲೆ ತೆಳು ಹಳದಿ ಬಣ್ಣದ, ಅಗಲ ಹೊಟ್ಟೆಯ ಹೇನು. ಬೂಬಿಯ ಐಡ್‌ಮನ್ನಿಯೆಲ್ಲಾ ಕೂಡ ಹೀಗೇ ಬಿಳಚು, ಕೋಳಿಯ ಮೈಹೇನೂ ಹೀಗೇ. ನೀವು ಹಕ್ಕಿ ಇಟ್ಟಿದ್ದು ಕೋಳಿಬುಟ್ಟಿಯಡಿ! ಹೇನು ಹೆಕ್ಕುವವರಿಗೆ ಇದೇ ದೊಡ್ಡ ತಲೆನೋವು. ಎರಡು ಹಕ್ಕಿ ಒಂದೇ ಚೀಲದಲ್ಲಿ ಹಾಕಿದರೆ ಇದರ ಹೇನು ಅದಕ್ಕೆ ಹೋಗಿ ತಪ್ಪು ವಿಳಾಸ ಪುಸ್ತಕಕ್ಕೇ ಸೇರಿಬಿಡುತ್ತದೆ. ಫೋಟೊ ನೋಡಿ ನಾನು ತೀರ್ಪು ಕೊಡಲ್ಲ. ಮುಂದೆ ಇಂಥ ಹಕ್ಕಿ ಸಿಕ್ಕರೆ ಹೊಸ ರಟ್ಟಿನ ಡಬ್ಬದಲ್ಲಿ ಇಡಿ, ಇಲಾಖೆಯವರಿಗೆ ಹೇಳಿ. ಡಬ್ಬದ ತಳದಲ್ಲಿ ಹೇನು ಉದುರಿದ್ದರೆ ಅವರನ್ನು ಕೇಳಿಯೇ ಸ್ಪಿರಿಟ್ ಇರುವ ಸೀಸೆಗೆ ಹಾಕಿ, ಒಳಗೊಂದು ಚೀಟಿಯಲ್ಲಿ ಹಕ್ಕಿ, ಊರು, ತಾರೀಕು ಬರೆದಿಡಿ. ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಕರಗುತ್ತದೆ. ಆ ಕೋಳಿಬುಟ್ಟಿಯನ್ನು ಒಮ್ಮೆ ಒಳ್ಳೇ ಬಿಸಿಲಿಗೆ ಹಾಕಿಬಿಡಿ.